ಕಿವಿಯಲ್ಲಿ ಕಟ್ಟಿದ ಬೆಲೆ

"ಮೂರು ತಿಂಗಳು ಬಲೆ ಒಣಹಾಕಿದ್ದು ಇದನ್ನ ನೋಡೋಕಾ?"

ಮಾಂಗ್ ತೆಯೋಂಗ್, ಅಂದರೆ ತೆಯೋಂಗಣ್ಣ, ಕೇಳಿದ್ದು ಯಾರನ್ನೂ ಅಲ್ಲ. ತನ್ನ ದೋಣಿಯ ಪಕ್ಕ, ದಕ್ಕೆಯ ಅಂಚಿನಲ್ಲಿ ನಿಂತು, ಹಿಮ್ಮುಖವಾಗಿ ಒಳಬರುತ್ತಿದ್ದ ಲಾರಿಯನ್ನು ನೋಡುತ್ತ ಕೇಳಿದ. ಲಾರಿಯ ತುಂಬ ಪರದೇಶದ ಅಕ್ಷರ ಹೊತ್ತ ರಟ್ಟಿನ ಪೆಟ್ಟಿಗೆಗಳು, ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಮೀನು.

ಮೀನು ಮೊಟ್ಟೆಯಿಡುವ ಕಾಲಕ್ಕೆ ಬಲೆ ಇಳಿಸಬಾರದೆಂಬುದು ಸರ್ಕಾರದ ಕಟ್ಟಳೆ. ಸಾನ್ ತೆಲ್ಮೊ ಬಂದರಿನ ದೋಣಿಗಳು ಅದಕ್ಕೆ ತಲೆಬಾಗಿದ್ದವು. ಅಷ್ಟರಲ್ಲಿ ಮೀನಿನ ಬೆಲೆ ಏರಬಾರದೆಂದು ಹೊರಗಿನ ಮೀನಿಗೆ ಬಾಗಿಲು ತೆರೆದರು. ಬೆಲೆಯೂ ಏರಿತು, ಬಾಗಿಲೂ ಮುಚ್ಚಲಿಲ್ಲ. ಬಂದರಿನಲ್ಲಿ ಅಗ್ಗಕ್ಕೆ ಇಳಿದ ಮೀನು ಸಂತೆಯ ಕಲ್ಲಿನ ಮೇಲೆ ಮಲಗುವಷ್ಟರಲ್ಲಿ ಕಿಲೋಗೆ ಮುನ್ನೂರು ಪೆಸೊ ಆಗಿರುತ್ತಿತ್ತು. ನಡುವಿನ ಹಣ ಯಾವ ಹೊಟ್ಟೆ ಸೇರುತ್ತಿತ್ತೋ ದೇವರೇ ಬಲ್ಲ.

ಇಂದು ಕಟ್ಟಳೆ ಮುಗಿದ ಮೊದಲ ದಿನ. ತೆಯೋಂಗನ ದೋಣಿ ನಲವತ್ತೊಂದು ಟಬ್ ಗಾಲುಂಗೊಂಗ್ ತಂದಿತ್ತು. ಬಂಗುಡೆಯ ದಾಯಾದಿಯಂತಿರುವ, ಬಡವರ ಮನೆಯ ಮೀನು ಅದು. ಮಧ್ಯಾಹ್ನದ ಬಿಸಿಲಿಗೆ ಟಬ್ಬುಗಳ ಮೇಲಿನ ಐಸ್ ತೊಟ್ಟಿಕ್ಕುತ್ತಿತ್ತು.

"ಪುರಿಂಗ್, ಟಬ್ಬಿಗೆ ನಾಲ್ಕು ಸಾವಿರಕ್ಕಿಂತ ಕೆಳಗೆ ಬಂದ್ರೆ ಡೀಸೆಲ್ ಕಾಸೂ ಹುಟ್ಟಲ್ಲ. ನಾಳೆ ದೋಣೀನ ಮರಳಿಗೆ ಎಳೆದುಬಿಡ್ತೀನಿ. ಹನ್ನೆರಡು ಜನಕ್ಕೂ ಹೇಳಿದೀನಿ, ಬೇರೆ ಕೂಲಿ ನೋಡ್ಕೊಳ್ಳಿ ಅಂತ."

"ಕೊಳ್ಳೋರು ಬಾಯಿ ಬಿಡೋಕೆ ಮುಂಚೆ ನೀವು ಅಳಬೇಡಿ, ಮಾಂಗ್ ತೆಯೋಂಗ್," ಅಂದಳು ಹರಾಜು ನಡೆಸುವ ಪುರಿಂಗ್. ಎಡಗಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.

ಸಾನ್ ತೆಲ್ಮೊದಲ್ಲಿ ಹರಾಜು ಕೂಗುವುದಿಲ್ಲ, ಪಿಸುಗುಡುತ್ತಾರೆ. ಕೊಳ್ಳುವವನು ಬಾಯಿಗೆ ಅಂಗೈ ಅಡ್ಡ ಹಿಡಿದು ತನ್ನ ಬೆಲೆಯನ್ನು ಪುರಿಂಗಳ ಕಿವಿಗೆ ಹಾಕುತ್ತಾನೆ. ಎಲ್ಲರದೂ ಆದ ಮೇಲೆ ಅವಳು ಹೆಚ್ಚು ಹೇಳಿದವರ ಹೆಸರನ್ನಷ್ಟೇ ಕೂಗುತ್ತಾಳೆ. ಹೆಸರು ಕೂಗುವ ತನಕ ಹೇಳಿದ ಬೆಲೆಯನ್ನು ಹಿಂತೆಗೆದುಕೊಳ್ಳಬಹುದು. ಯಾರು ಎಷ್ಟು ಅಂದರೆಂಬುದು ದೋಣಿಯವನಿಗೂ ಕೊನೆಯ ಟಬ್ ಹೋದ ಮೇಲೆಯೇ ತಿಳಿಯುವುದು. ಮೊದಲ ಟಬ್ ಒಂಟಿಯಾಗಿ ಹೋಗುತ್ತದೆ, ಉಳಿದವು ಹತ್ತರ ರಾಶಿಯಾಗಿ. ಇಪ್ಪತ್ತಾರು ವರ್ಷ ಪುರಿಂಗಳ ಕಿವಿಗೆ ಬಿದ್ದದ್ದು ಬಾಯಿಗೆ ಬಂದಿರಲಿಲ್ಲ.

ಮೊದಲನೆಯವನು ಬಗ್ಗಿದ. ಮೆಂಥಾಲ್ ವಾಸನೆ. "ಮೂರು ಸಾವಿರದ ಇನ್ನೂರು."

ಎರಡನೆಯವನ ಉಸಿರಲ್ಲಿ ಕಾಫಿ. ಮೂರು ಸಾವಿರದ ಇನ್ನೂರು. ಮೂರನೆಯವನದೂ ಅದೇ, ನಾಲ್ಕನೆಯವನದೂ ಅದೇ. ಐದನೆಯವನು ಬಗ್ಗುವಾಗಲೇ ಅವನ ಅಂಕಿ ಏನೆಂದು ಪುರಿಂಗಳಿಗೆ ಗೊತ್ತಿತ್ತು.

ಉಪವಾಸದ ವಾರದಲ್ಲಿ ಚರ್ಚಿನಲ್ಲಿ ಕ್ರಿಸ್ತನ ಯಾತನೆಯ ಪದ್ಯಗಳನ್ನು ಹಗಲಿರುಳು ಓದುವಾಗ ಮುಂದೆ ಕೂತು ತಾನೂ ಓದುವವಳು ಅವಳು. ಯಾವ ದನಿ ಎದೆಯಿಂದ ಬಂತು, ಯಾವುದು ಬರೀ ಕಂಠಪಾಠ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ನಿಜವಾಗಿ ಬೆಲೆ ಕಟ್ಟುವವನ ಉಸಿರು ಅಂಕಿಗೆ ಮುಂಚೆ ಒಂದು ಗಳಿಗೆ ನಿಲ್ಲುತ್ತದೆ. ಇಂದು ಯಾರದೂ ನಿಲ್ಲಲಿಲ್ಲ. ಎಂಟು ಬಾಯಿ, ಒಂದೇ ಪಾಠ.

ಪಾಠ ಹೇಳಿಕೊಟ್ಟವನು ಒಂಬತ್ತನೆಯವನಾಗಿ ಬಂದ. ಆ ಲಾರಿಯ, ಆ ಪೆಟ್ಟಿಗೆಗಳ, ದಕ್ಕೆಯ ಏಕೈಕ ಐಸ್ ಫ್ಯಾಕ್ಟರಿಯ ಯಜಮಾನ ಪೊನ್ಸೊ. ಬಾಯಿಗೆ ಕೈಯನ್ನೂ ಅಡ್ಡ ಹಿಡಿಯಲಿಲ್ಲ.

"ಮೂರು ಸಾವಿರದ ಇನ್ನೂರು, ಪುರಿಂಗಕ್ಕ. ಬೇಗ ಕೂಗು, ಮೀನು ಬೇಯ್ತಿದೆ."

ಪುರಿಂಗ್ ಸುತ್ತ ನೋಡಿದಳು. "ಇನ್ಯಾರಾದ್ರೂ ಇದೀರಾ?"

"ನಾನಿದೀನಿ, ತಡಿ," ಎಂದು ಜನರನ್ನು ಸರಿಸಿಕೊಂಡು ಆಲಿಂಗ್ ಇಸ್ಕಾ ಬಂದಳು. ದಕ್ಕೆಯ ಬಾಗಿಲಲ್ಲಿ ಊಟದಂಗಡಿ ನಡೆಸುವವಳು. ಸೊಂಟದ ಬಟ್ಟೆಯಲ್ಲಿ ಇನ್ನೂ ಎಣ್ಣೆಯ ಕಲೆ ಹಸಿಯಾಗಿತ್ತು.

"ದಾರಿ ತಪ್ಪಿತಾ ಆಲಿಂಗ್ ಇಸ್ಕಾ? ಒಲೆ ಆ ಕಡೆ ಇದೆ," ಅಂದ ಪೊನ್ಸೊ.

"ಗೊತ್ತು ಕಣಪ್ಪ. ನಿನ್ನ ಐಸ್ ಮೀನು ನನ್ನ ಬಾಣಲೀಲಿ ಗರಿಯಾಗೋದು ಬಿಟ್ಟು ನೀರು ಸುರಿಸ್ಕೊಂಡು ಅಳ್ತಾ ಕೂರತ್ತೆ. ಮೂರು ತಿಂಗಳಿಂದ ಸಮಾಧಾನ ಮಾಡಿ ಮಾಡಿ ಸಾಕಾಯ್ತು."

ಹೊರೆಯಾಳುಗಳು ಗೊಳ್ಳೆಂದರು. ಪೊನ್ಸೊ ನಗಲಿಲ್ಲ. "ಟಬ್ ಕೊಳ್ಳೋವಷ್ಟು ದೊಡ್ಡೋಳಾದ್ಯಾ?"

"ನನ್ನಂಗಡೀಲಿ ಉಣ್ಣೋರೆಲ್ಲ ದೋಣಿಯೋರು. ದೋಣಿ ನಿಂತ್ರೆ ಅನ್ನಾನ ನಿನ್ನ ಲಾರಿಗೆ ಬಡಿಸ್ಲಾ?"

ಅವಳು ಪುರಿಂಗಳ ಕಿವಿಗೆ ಬಾಯಿಟ್ಟಳು. ಉಸಿರು ನಿಂತಿತು, ಮತ್ತೆ ಹೊರಟಿತು. "ಮೂರು ಸಾವಿರದ ಇನ್ನೂರೈವತ್ತು. ನನ್ನ ಹತ್ರ ಇರೋದೇ ಇಷ್ಟು ತಾಯಿ. ಸಾಲದೇನೋ."

ಐವತ್ತು ಪೆಸೊ. ಒಂದು ತಟ್ಟೆ ಅನ್ನ ಸಾರಿನ ಬೆಲೆ. ಪುರಿಂಗ್ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಟಬ್ಬಿನ ಅಂಚಿಗೆ ಕೈಯಿಟ್ಟು ಕೂಗಿದಳು:

"ಇಸ್ಕಾ!"

ಕೊಳ್ಳುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ಕಾ ಹೆಚ್ಚು ಹೇಳಿದ್ದಾಳೆ, ಸರಿ. ಎಷ್ಟು ಹೆಚ್ಚು? ಊಟದಂಗಡಿಯವಳಿಗೆ ಈ ಧೈರ್ಯ ಎಲ್ಲಿಂದ? ನಮ್ಮಲ್ಲೇ ಒಬ್ಬ ಅವಳನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದಾನೆಯೇ?

"ಹತ್ತು ಟಬ್," ಅಂದಳು ಪುರಿಂಗ್.

ಮೆಂಥಾಲಿನವನು ಬಗ್ಗಿದ. ಈ ಸಲ ಅವನ ಉಸಿರು ನಿಂತಿತು. "ಮೂರೂವರೆ." ಕಾಫಿಯವನು ಹಿಂದೆ ತಿರುಗಿ ನೋಡಿ, ಎರಡೂ ಕೈ ಮುಚ್ಚಿಕೊಂಡು, "ಮೂರು ಸಾವಿರದ ಒಂಬೈನೂರು" ಅಂದ. ಮೂರನೆಯವನು ನಾಲ್ಕು. ಆರನೆಯವನು, ಹೆಂಡತಿಗೆ ಹೆದರುವವನಂತೆ ಅತ್ತಿತ್ತ ನೋಡುತ್ತ, ನಾಲ್ಕು ಸಾವಿರದ ಇನ್ನೂರು.

ಪೊನ್ಸೊಗೆ ಅಂಕಿ ಕೇಳಿಸಲಿಲ್ಲ. ಆದರೆ ಮುಚ್ಚಿಕೊಂಡ ಕೈಗಳು ಕಂಡವು. ತನ್ನ ಸರದಿಗೆ ಬಂದವನು ಬೆಲೆ ಹೇಳಲಿಲ್ಲ.

"ಆ ಹೆಂಗಸು ಎಷ್ಟಂದ್ಳು?"

ಪುರಿಂಗ್ ಅವನ ಬೆಲೆಗಾಗಿ ಕಿವಿಯನ್ನು ಹಾಗೇ ಹಿಡಿದಳು. ಪೊನ್ಸೊ ನೆಟ್ಟಗಾಗಿ ದನಿಯೆತ್ತಿದ.

"ಎಲ್ರೂ ಕೇಳ್ರಪ್ಪ! ಅವಳು ಎಷ್ಟಂದ್ಳು ಅನ್ನೋದೊಂದೇ ನಾನು ಕೇಳ್ತಿರೋದು. ಟಬ್ ಅವಳದಾಯ್ತು, ಇನ್ನೇನು ಗುಟ್ಟು? ಹೇಳಿದ್ರೆ ಈ ದಕ್ಕೆಗೆ ವರ್ಷವಿಡೀ ಅರ್ಧ ಬೆಲೆಗೆ ಐಸ್. ಹೇಳದಿದ್ರೆ ನಾಳೆಯಿಂದ ಒಂದು ಗಡ್ಡೆಯೂ ಇಲ್ಲ. ಮೀನನ್ನ ಬಾಯಲ್ಲಿ ಊದಿ ತಣ್ಣಗಿಟ್ಕೊಳ್ಳಿ!"

ಎಂಟು ಜನ ಹತ್ತಿರ ಸರಿದರು. ಆರನೆಯವನು ತುಟಿ ಕಚ್ಚಿಕೊಂಡ. ಹೇಳಿದ್ದನ್ನು ಹಿಂತೆಗೆಯಲು ಅವನಿಗೆ ಒಂದು ಮಾತು ಸಾಕಿತ್ತು. ತೆಯೋಂಗ್ ಅವಳ ಮೊಣಕೈ ಹಿಡಿದ.

"ಹೇಳಿಬಿಡು ಪುರಿಂಗ್. ಒಳ್ಳೇ ಬೆಲೇನೇ ಬಂದಿರತ್ತಲ್ಲ, ಮುಚ್ಚಿಡೋದೇನು? ಐಸ್ ಇಲ್ದೆ ದೋಣಿ ಹೊರಟು ಏನು ಉಪಯೋಗ?"

ಅವನ ಕಣ್ಣಲ್ಲಿದ್ದ ಆಸೆಯನ್ನು ನೋಡಲಾರದೆ ಅವಳು ಟಬ್ಬುಗಳ ಕಡೆ ತಿರುಗಿದಳು. ಮೂರು ಸಾವಿರದ ಇನ್ನೂರೈವತ್ತು ಎಂಬುದು ಬಾಯಿಂದ ಬಿದ್ದರೆ ಒಂಬತ್ತು ಬಾಯಿಗಳೂ ಹಳೆಯ ಪಾಠಕ್ಕೆ ಮರಳುತ್ತವೆ, ನಲವತ್ತು ಟಬ್ ಅದೇ ದರಕ್ಕೆ ಹೋಗುತ್ತದೆ. ಐದು ಸಾವಿರ ಎಂದುಬಿಡು, ಎಂದಿತು ಮನಸ್ಸು. ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತು. ಅದೇ ನಾಲಿಗೆಯಲ್ಲಿ ಮುಂದಿನ ತಿಂಗಳು ಕ್ರಿಸ್ತನ ಪದ್ಯ ಓದಬೇಕು. ನುಂಗಿಕೊಂಡಳು. ಐಸ್ ಕರಗಿದ ನೀರು ಅವಳ ಬೆರಳ ಸಂದಿಯಲ್ಲಿ ಹರಿಯುತ್ತಿತ್ತು.

"ಕಿವಿಗೆ ಹೇಳಿದ್ದನ್ನ ಬಾಯಿಂದ ಕೇಳಬೇಡ, ಪೊನ್ಸೊ," ಅಂದಳು. "ನೀವೂ ಕೈ ಬಿಡಿ, ಮಾಂಗ್ ತೆಯೋಂಗ್. ನಾನು ಹೇಳೋದಿಲ್ಲ."