ಸಂಗಯ್ಯ ಮೈಗಳ್ಳತನ ಬಿಡಲು ಹೊರಟದ್ದು

ಸಂಗಯ್ಯನನ್ನು ಮೈಗಳ್ಳ ಎಂದು ಮೊದಲು ಕರೆದವನು ಅವನ ಅಪ್ಪ. ಬನವಾಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಅವರದು ಒಕ್ಕಲುತನದ ಮನೆ. ಅಣ್ಣಂದಿರು ಗದ್ದೆಯಲ್ಲಿ ಬೆವರು ಸುರಿಸುವಾಗ ಹುಡುಗ ಸಂಗಯ್ಯ ಬದುವಿನ ಮೇಲೆ ಕಂಬಳಿ ಹೊದ್ದು ಮುದುಡಿಕೊಂಡಿರುತ್ತಿದ್ದ. ಜ್ವರ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ.

"ಜ್ವರ ಯಾರಿಗಿಲ್ಲಲೇ? ನಿಮ್ಮಣ್ಣಗೂ ಬರ್ತೈತಿ, ನನಗೂ ಬರ್ತೈತಿ. ನಾವು ಮಲಗೇವೇನು?"

ಅದೂ ಸುಳ್ಳಲ್ಲ. ಆ ಸೀಮೆಯಲ್ಲಿ ಚಳಿಜ್ವರವನ್ನು ಯಾರೂ ಕಾಯಿಲೆ ಎಂದು ಎಣಿಸುತ್ತಿರಲಿಲ್ಲ. ಬರುತ್ತಿತ್ತು, ನಡುಗಿಸುತ್ತಿತ್ತು, ಬೆವರು ಬಿಡಿಸಿ ಹೋಗುತ್ತಿತ್ತು. ಎಲ್ಲರೂ ತಡೆದುಕೊಳ್ಳುವುದನ್ನು ತಾನೊಬ್ಬ ನೆಪ ಮಾಡಿಕೊಂಡು ಮಲಗುತ್ತೇನೆ ಎಂದು ಸಂಗಯ್ಯನೂ ನಂಬಿಬಿಟ್ಟ. ಬೆಳೆದು ದೊಡ್ಡವನಾಗಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಮದುವೆಯಾಗಿ, ಯಲ್ಲಾಪುರದಲ್ಲಿ ದಾದಾಸಾಬನ ಗಾಡಿ ಅಡ್ಡೆಗೆ ಗುಮಾಸ್ತನಾಗಿ ಬಂದಾಗಲೂ ಆ ನಂಬಿಕೆ ಅವನ ಜೊತೆಗೇ ಬಂತು.

ದಾದಾಸಾಬನಿಗೆ ಬಾಡಿಗೆಗೆ ಓಡುವ ಎತ್ತಿನ ಗಾಡಿಗಳಿದ್ದವು. ಅವು ಹುಬ್ಬಳ್ಳಿಗೂ ಶಿರಸಿಗೂ ಸಾಮಾನು ಸಾಗಿಸುತ್ತಿದ್ದವು. ಯಾವ ಗಾಡಿಗೆ ಏನು ಹೇರಬೇಕು, ಯಾವುದು ಮೊದಲು ಹೊರಡಬೇಕು ಎಂದು ನೋಡಿಕೊಳ್ಳುವುದು ಸಂಗಯ್ಯನ ಕೆಲಸ. ಒಂದು ಮಧ್ಯಾಹ್ನ ಗಾಡಿಗಳು ಎತ್ತು ಕಟ್ಟಿಕೊಂಡು ನಿಂತಿದ್ದಾಗ ಗುಮಾಸ್ತನೇ ಕಾಣಲಿಲ್ಲ. ಹುಡುಕಿದರೆ ಗೋಣಿಚೀಲಗಳ ಸಂದಿಯಲ್ಲಿ ಬಾಯಿ ತೆರೆದು ಮಲಗಿದ್ದ. ಎಚ್ಚರಾದಾಗ ಗಾಡಿಯವರೆಲ್ಲ ಸುತ್ತ ನಿಂತು ನಗುತ್ತಿದ್ದರು. ದಾದಾಸಾಬ ಬಯ್ಯಲಿಲ್ಲ.

"ಅಯ್ನೋರೆ, ನೀವು ಓದಿದವರು. ನಿಮಗೆ ನಾ ಏನು ಹೇಳೋದು," ಎಂದು ಒಳಗೆ ಹೋದ.

ಬೈದಿದ್ದರೆ ಸಂಗಯ್ಯ ಮರೆಯುತ್ತಿದ್ದನೇನೋ. ಆ ವಾರವೇ ಅವನು ಪತ್ರಿಕೆಯೊಂದರಲ್ಲಿ ಕಂಡಿದ್ದ ಜಾಹೀರಾತಿಗೆ ಕಾರ್ಡು ಬರೆದ. ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ. ಅಂಚೆಯಲ್ಲಿ ಕಟ್ಟು ಬಂತು. ಅದರಲ್ಲಿ ಕೆಂಪು ರಟ್ಟಿನ ಪುಸ್ತಕ, ಒಳಗೆ ಸ್ಪ್ರಿಂಗಿದ್ದ ಕಬ್ಬಿಣದ ಹಿಡಿಕೆಗಳ ಒಂದು ಜೋಡಿ. ಪುಸ್ತಕದ ಮೊದಲ ಪುಟದಲ್ಲಿ ಒಬ್ಬನೇ ಮನುಷ್ಯನ ಎರಡು ಚಿತ್ರಗಳಿದ್ದವು. ಒಂದರಲ್ಲಿ ಬೆನ್ನು ಬಾಗಿ ಕೆನ್ನೆ ಬತ್ತಿದವನು, ಇನ್ನೊಂದರಲ್ಲಿ ಎದೆಯುಬ್ಬಿಸಿ ನಿಂತವನು. ಮೊದಲನೆಯದನ್ನು ನೋಡಿದಾಗ ಸಂಗಯ್ಯನಿಗೆ ತನ್ನನ್ನೇ ಕಂಡಂತಾಯಿತು.

ಬೆಳಗಿನ ಜಾವ ಏಳಬೇಕು, ತಣ್ಣೀರು ಸುರಿದುಕೊಳ್ಳಬೇಕು, ಹಿಡಿಕೆಗಳನ್ನು ಒತ್ತಿ ಒತ್ತಿ ತೋಳು ಹುರಿಗೊಳಿಸಬೇಕು, ಹಗಲು ನಿದ್ದೆ ಕೂಡದು ಎಂದು ಪುಸ್ತಕ ಹೇಳಿತ್ತು. ಮೈಯ ಬೇನೆಗಳಲ್ಲಿ ಹೆಚ್ಚಿನವು ಮನಸ್ಸಿನ ಅಳುಕಿನಿಂದ ಹುಟ್ಟಿದವು, ಔಷಧ ಹಿಡಿದವನು ಊರುಗೋಲು ಹಿಡಿದವನಂತೆ, ಮತ್ತೆಂದೂ ತನ್ನ ಕಾಲಮೇಲೆ ನಿಲ್ಲಲಾರ ಎಂದೂ ಹೇಳಿತ್ತು. ಆ ಮಾತಿನ ಕೆಳಗೆ ಸಂಗಯ್ಯ ಉಗುರಿನಿಂದ ಗೀರು ಎಳೆದ.

ಮೊದಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಚಳಿಗಾಲದ ಕೊನೆ, ಜ್ವರ ತಾನಾಗಿಯೇ ಹಿಂದೆ ಸರಿದಿದ್ದ ಹೊತ್ತು. ಬೆಳಕು ಹರಿಯುವ ಮೊದಲೇ ಹಿತ್ತಲ ಬಾವಿಯಲ್ಲಿ ರಾಟೆ ಕಿರುಗುಟ್ಟುತ್ತಿತ್ತು. ಗಾಡಿಯವರು ಬರುವಷ್ಟರಲ್ಲಿ ಗುಮಾಸ್ತ ಅಡ್ಡೆಯಲ್ಲಿರುತ್ತಿದ್ದ. ಅವರ ನಗು ನಿಂತಿತು. ದಾದಾಸಾಬ ಎರಡು ತಿಂಗಳು ಸುಮ್ಮನೆ ನೋಡಿ, ಶಿರಸಿಯಲ್ಲಿ ಹೊಸ ಅಡ್ಡೆ ತೆರೆಯುವವನಿದ್ದೇನೆ, ಅದನ್ನು ನೀವೇ ನೋಡಿಕೊಳ್ಳಿ ಎಂದ. ಅವತ್ತು ಸಂಗಯ್ಯ ಹೆಂಡತಿ ಮುರಿಗೆವ್ವನೆದುರು ಕೂತು ಪುಸ್ತಕದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿದ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಗಂಡನ ಮುಖ ಅಷ್ಟು ಬೆಳಗಿದ್ದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಬೇಸಿಗೆಯ ಅಡ್ಡಮಳೆ ಬಿದ್ದದ್ದೇ ಜ್ವರ ತಿರುಗಿ ಬಂತು. ಈ ಸಲ ದಿನ ಬಿಟ್ಟು ದಿನ, ನೇಮ ಹಿಡಿದಂತೆ. ಸಂಗಯ್ಯ ಹಲ್ಲು ಕಟಕಟಿಸುತ್ತಲೇ ಬಾವಿಕಟ್ಟೆಗೆ ಹೋಗಿ ತಣ್ಣೀರು ಸುರಿದುಕೊಂಡ. ಪುಸ್ತಕ ಬಂದ ಅಂಚೆ ಕಚೇರಿಯಲ್ಲೇ ಚಳಿಜ್ವರಕ್ಕೆ ಸರಕಾರ ಮಾರುವ ಕೋಯ್ನಾ ಪುಡಿಯ ಪೊಟ್ಟಣಗಳೂ ಸಿಗುತ್ತಿದ್ದವು. ಮುರಿಗೆವ್ವ ತಂದಳು. ಅವನು ಮುಟ್ಟಲಿಲ್ಲ. ಅವಳು ಅದನ್ನು ಹಾಗಲಕಾಯಿ ಪಲ್ಯದಲ್ಲಿ ಕಲಸಿ ಬಡಿಸಿದಳು. ಮೊದಲ ತುತ್ತಿಗೇ ಅವನು ತಟ್ಟೆ ಸರಿಸಿದ.

"ಏನ ಹಾಕೀದಿ ಇದಕ್ಕ?"

"ನಿಮಗ ಜ್ವರ ಐತ್ರಿ. ಮೈ ಹಂಚಾಗೇತಿ. ಊರಿಗೂರೇ ತಿಂತೈತಿ ಅದನ್ನ, ನೀವೊಬ್ರು ತಿಂದ್ರ ಏನ ಹೋಗ್ತೈತ್ರಿ?"

"ಹುಟ್ಟಿದಾಗಿಂದ ಜ್ವರ ಜ್ವರ ಅಂತ ಮಲಗೇನಿ, ಮುರಿಗೆವ್ವಾ. ಈಗ ಎದ್ದೇನಿ. ನೀನೂ ಮಲಗಸಬ್ಯಾಡ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಅವಳು ತಟ್ಟೆ ಎತ್ತಿಕೊಂಡು ಹೋದಳು. ಸಂಗಯ್ಯ ಪುಸ್ತಕ ಬರೆದವನಿಗೆ ಕಾರ್ಡು ಹಾಕಿ, ಹೇಳಿದ್ದೆಲ್ಲ ಮಾಡಿದರೂ ಅಳುಕು ಹೋಗಿಲ್ಲ, ಏನು ಮಾಡಲಿ ಎಂದು ಕೇಳಿದ. ಅಚ್ಚು ಹಾಕಿದ ಉತ್ತರ ಬಂತು. ಎರಡನೆಯ ಭಾಗವನ್ನು ತರಿಸಿಕೊಳ್ಳಬೇಕು ಎಂದಷ್ಟೇ ಅದರಲ್ಲಿತ್ತು. ತಾನು ಮೊದಲನೆಯದನ್ನೇ ಸರಿಯಾಗಿ ನಡೆಸಿಲ್ಲ ಎಂದು ಸಂಗಯ್ಯ ಅರ್ಥ ಮಾಡಿಕೊಂಡ.

ಶಿರಸಿಯ ಅಡ್ಡೆಗೆ ಸಾಮಾನು ಹೇರಿದ ಗಾಡಿಗಳ ಜೊತೆ ಅವನೇ ಹೊರಟ. ಮುರಿಗೆವ್ವ ಆಮೇಲೆ ಬರುವುದೆಂದು ಗೊತ್ತಾಗಿತ್ತು. ಮೊದಲ ದಿನ ಸುಖವಾಗಿ ಕಳೆದು ಮಂಚಿಕೇರಿಯಲ್ಲಿ ತಂಗಿದರು. ಮರುದಿನ ಜ್ವರದ ಪಾಳಿ. ಸಂಗಯ್ಯ ಬೆಳಗಿನ ಜಾವವೇ ಹಳ್ಳಕ್ಕಿಳಿದು ಮುಳುಗಿ ಬಂದ. ಬಿಸಿಲೇರುವ ಹೊತ್ತಿಗೆ ಗಾಡಿಯಲ್ಲಿ ಕೂತವನ ಮೈ ಗಾಡಿಯ ಕುಲುಕಾಟಕ್ಕಿಂತ ಹೆಚ್ಚು ಕುಲುಕತೊಡಗಿತು. ಆ ಕೊನೆಯ ಗಾಡಿ ಹೊಡೆಯುತ್ತಿದ್ದ ಬೈರ ಹಿಂತಿರುಗಿ ನೋಡಿ, ಒಣ ಗೋಣಿಗಳನ್ನು ಎಳೆದು ಅವನಿಗೆ ಹೊದಿಸಿದ.

"ಮನೀಕಳಿ ಅಯ್ನೋರೆ. ಶಿರಸಿ ಬಂದ ಮೇಲೆ ನಾನೇ ಎಬ್ಬಿಸ್ತೆ. ಯಾರಿಗೂ ಹೇಳೂದಿಲ್ಲ."

ಆ ಕೊನೆಯ ಮಾತನ್ನು ಬೈರ ಕನಿಕರದಿಂದಲೇ ಆಡಿದ್ದ. ಆದರೆ ಸಂಗಯ್ಯನ ಕಿವಿಗೆ ಅದು ಬೇರೆಯಾಗಿ ಬಿತ್ತು. ಅವನು ಗೋಣಿ ಕೊಡವಿ ಕೆಳಗಿಳಿದು ಗಾಡಿಯ ಹಿಂದೆ ನಡೆಯತೊಡಗಿದ. ಬೈರ ಕರೆದರೂ ಹತ್ತಲಿಲ್ಲ. ನಡೆಯುತ್ತ ನಡೆಯುತ್ತ ಚಳಿ ಬಿಟ್ಟು ಉರಿ ಏರಿತು. ಕಣ್ಣ ಮುಂದೆ ರಸ್ತೆಯ ಕೆಂಪು ಧೂಳು ಎದ್ದೆದ್ದು ಬರುವಂತೆ ಕಂಡಿತು. ಒಂದಿಷ್ಟು ದೂರ ಅಪ್ಪ ಪಕ್ಕದಲ್ಲೇ ನಡೆಯುತ್ತಿದ್ದಾನೆ ಅನ್ನಿಸಿತು. ನೋಡು, ನಾನು ಮಲಗಿಲ್ಲ ಎಂದು ಅವನಿಗೆ ಹೇಳಿದ. ಸೋಂದೆಯ ದಾರಿ ಒಡೆಯುವಲ್ಲಿ ಬೈರ ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ. ಗಾಡಿ ಬಿಟ್ಟು ಓಡಿ ಹೋದರೆ ಸಂಗಯ್ಯ ಚರಂಡಿಯಲ್ಲಿ ಬಿದ್ದಿದ್ದ.

ಶಿರಸಿಯ ದವಾಖಾನೆಯ ಡಾಕ್ಟರು ಅವನ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಬೆರಳು ಹೊಕ್ಕಳದವರೆಗೆ ತಂದು ನಿಲ್ಲಿಸಿದರು. ಸುದ್ದಿ ತಿಳಿದು ಓಡಿ ಬಂದಿದ್ದ ಮುರಿಗೆವ್ವ ಬಾಗಿಲಲ್ಲಿ ನಿಂತಿದ್ದಳು.

"ಜ್ವರಗಡ್ಡೆ ಇಲ್ಲಿಯವರೆಗೆ ಬೆಳೆದಿದೆ. ಇದು ನಿನ್ನೆ ಮೊನ್ನೆಯದಲ್ಲ, ಸಣ್ಣವನಿದ್ದಾಗಿನದು. ಮೈಯಲ್ಲಿ ರಕ್ತವೇ ಇಲ್ಲ. ಇಂಥವನು ಎದ್ದು ಓಡಾಡಿದ್ದೇ ದೊಡ್ಡದು. ಕೋಯ್ನಾ ಯಾಕೆ ತಗೊಳ್ಳಲಿಲ್ಲ?"

ಸಂಗಯ್ಯ ಅಂಗಿ ಕೆಳಗೆಳೆದು ಹೊಟ್ಟೆ ಮುಚ್ಚಿಕೊಂಡ. ಮುರಿಗೆವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಡಾಕ್ಟರು ಹೋದ ಮೇಲೆ ಅವಳು ಹಾಸಿಗೆಯ ಹತ್ತಿರ ಬಂದಳು.

"ಕೇಳಿದ್ರೆಲ್ಲ? ನೀವು ಮೈಗಳ್ಳರಲ್ಲರಿ. ರೋಗ ಇತ್ತು."

"ಡಾಕ್ಟರಿಗೇನ ಗೊತ್ತು ನನ್ನ ಸುದ್ದಿ," ಎಂದು ಸಂಗಯ್ಯ ಗೋಡೆಯ ಕಡೆ ಹೊರಳಿದ. "ಅಷ್ಟ ದೂರ ನಡದಿದ್ದೆ. ಶಿರಸಿ ಇಲ್ಲೇ ಇತ್ತು. ನಾ ಮನಸ್ಸ ಬಿಟ್ಟೆ."

ನಾಲ್ಕಾರು ದಿನಕ್ಕೆ ದಾದಾಸಾಬ ಸರ್ವಿಸ್ ಮೋಟಾರು ಬಸ್ಸಿನಲ್ಲಿ ಬಂದ, ಟೋಪಿ ಸರಿಮಾಡಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತ.

"ಡಾಕ್ಟರ್ ಸಾಹೇಬರು ಎಲ್ಲಾ ಹೇಳಿದ್ರು ಅಯ್ನೋರೆ. ನನಗೆ ತಿಳೀಲಿಲ್ಲ, ನನ್ನದೂ ತಪ್ಪೇ. ನೀವು ಆರಾಮಾಗಿ. ದೀವಳಿಗೆ ತನಕ ಆದ್ರೂ ಅಡ್ಡಿಲ್ಲ, ಇಲ್ಲಿನ ಅಡ್ಡೆ ನಿಮ್ಮದೇ."

ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಮುಖ ನೋಡಿದಳು. ಸಂಗಯ್ಯ ಕಷ್ಟಪಟ್ಟು ಎದ್ದು ಕೂತು ಕೈ ಮುಗಿದ.

"ಬ್ಯಾಡ್ರಿ ಸಾವಕಾರ್ರ. ನಂಬಿ ಕೊಟ್ಟ ಕೆಲಸ, ನಿಮಗ ಮೋಸ ಮಾಡಿದಂಗ ಆಗ್ತೈತಿ. ನನ್ನ ಕೈಲಿ ಆಗೂದಿಲ್ಲ. ಬ್ಯಾರೆ ಯಾರನ್ನರ ನೋಡ್ರಿ."

ದಾದಾಸಾಬ ಒತ್ತಾಯ ಮಾಡಿದ. ಮುರಿಗೆವ್ವ ನಾಚಿಕೆ ಬಿಟ್ಟು ನಡುವೆ ಬಾಯಿ ಹಾಕಿ, ಇದು ಜ್ವರದ ಮಾತು, ಮನಸ್ಸಿಗೆ ಹಚ್ಕೋಬ್ಯಾಡ್ರಿ ಎಂದಳು. ಸಂಗಯ್ಯ ಆಡಿದ್ದನ್ನೇ ಆಡಿದ. ಕೊನೆಗೆ ದಾದಾಸಾಬ ಎದ್ದು, ತಂದಿದ್ದ ಮೋಸಂಬಿಗಳನ್ನು ಕಿಟಕಿಯಲ್ಲಿಟ್ಟು, ಅವಳ ಕಡೆ ನೋಡದೆ ಹೊರಟುಹೋದ. ಮಳೆಗಾಲಕ್ಕೆ ಮೊದಲೇ ಶಿರಸಿಯ ಅಡ್ಡೆಗೆ ವೆಂಕಟ್ರಮಣ ಎಂಬ ಬೇರೊಬ್ಬ ಗುಮಾಸ್ತ ಬಂದ.

ಗಂಡ ಹೆಂಡತಿ ಬನವಾಸಿ ಕಡೆಯ ಗಾಡಿ ಹತ್ತಿದರು. ಈಗ ಸಂಗಯ್ಯ ಕೋಯ್ನಾ ನುಂಗುತ್ತಿದ್ದ, ಅವಳು ಕೊಟ್ಟಾಗ, ಕೊಟ್ಟಷ್ಟು. ಇನ್ನು ತನ್ನಿಂದ ಏನೂ ಆಗುವುದಿಲ್ಲ ಎಂದು ಒಪ್ಪಿಕೊಂಡವನ ಹಾಗೆ ಬಾಯಿ ತೆರೆಯುತ್ತಿದ್ದ. ಜ್ವರ ಕೆಲವು ಸಲ ಬರುತ್ತಿತ್ತು, ಕೆಲವು ಸಲ ಇಲ್ಲ. ಇಲ್ಲದ ದಿನಗಳಲ್ಲಿಯೂ ಅವನು ಏಳಲಿಲ್ಲ. ಅಣ್ಣಂದಿರು ಗದ್ದೆಗೆ ಕರೆಯುವುದನ್ನು ಬಿಟ್ಟರು. ಮುರಿಗೆವ್ವ ಅವನ ಪಾಲಿನ ಕೆಲಸಕ್ಕೆ ತಾನೇ ಇಳಿದಳು. ಸಂಜೆ ಕೆಸರುಗಾಲಲ್ಲಿ ಅವಳು ಒಳಗೆ ಬಂದಾಗ ಅವನು ಗೋಡೆಗೆ ಒರಗಿ ಕೂತಿರುತ್ತಿದ್ದ. ನಿನಗೆ ನನ್ನಿಂದ ಎಷ್ಟು ತ್ರಾಸು ಎನ್ನುತ್ತಿದ್ದ. ಮೊದಮೊದಲು ಅವಳು ಹಾಗೆಲ್ಲ ಅನಬ್ಯಾಡ್ರಿ ಎನ್ನುತ್ತಿದ್ದಳು. ಆಮೇಲೆ ನೇರ ಒಲೆಯ ಮುಂದೆ ಹೋಗಿ ಕೂರತೊಡಗಿದಳು.