ಜೋಡಿ ಹಾರ್ನು, ಒಂದು ನಿಂಬಿಕಾಯಿ

ನಮ್ಮ ಕಡೆ ಟ್ರ್ಯಾಕ್ಟರ್ ಹೊಡಿಯೋರಿಗೆ ದೇವರು ಕಿವಿ ಕೊಟ್ಟಾನೋ ಇಲ್ಲೋ ನನಗ ಗೊತ್ತಿಲ್ಲ. ಕೊಟ್ಟಿದ್ರೂ ಅದನ್ನ ಹಾಡು ಕೇಳಾಕಂತ ಮೀಸಲಿಟ್ಟಾರ. ನಾನು ದುರ್ಗಾದೇವಿ, ಬಾದನಹಟ್ಟಿಯಿಂದ ದಿನಾ ಬೆಳಿಗ್ಗೆ ಜ್ವಾಳದ ರೊಟ್ಟಿ ಡಬ್ಬಿ ಬೈಕಿನ ಹಿಂದ ಕಟ್ಟಿಕೊಂಡು ಬಳ್ಳಾರಿ ಖಾನಾವಳಿಗಳಿಗೆ ಹಾಕಿ ಬರಾಕಿ. ಗಾಡಿ ನನ್ನ ಗಂಡ ಎರ್ರಣ್ಣಂದು. ಅವ ಸಿರುಗುಪ್ಪದ ಅಕ್ಕಿ ಗಿರಣಿಯಾಗ ಇರ್ತಾನ, ವಾರಕ್ಕೊಮ್ಮೆ ಬಸ್ಸಿಗೆ ಬರ್ತಾನ. ಹಂಗಾಗಿ ಗಾಡಿ ನಂದೇ ಅಂತ ಇಟ್ಕೋರಿ.

ಆವತ್ತು ಊರ ಹೊರಗಿನ ಕಾಲುವಿ ಬ್ರಿಜ್ಜಿನ ಮ್ಯಾಲೆ ಭತ್ತದ ಟ್ರ್ಯಾಕ್ಟರಿನವ ಒಬ್ಬ ರೋಡೆಲ್ಲಾ ತನ್ನ ಮಾವಂದು ಅನ್ನಂಗ ಹೊಂಟಿದ್ದ. ಹಾರ್ನು ಒತ್ತೇ ಒತ್ತಿದೆ. ನನ್ನ ಗಾಡಿ ಹಾರ್ನು ಅಂದ್ರ ನೆಗಡಿ ಬಂದ ಆಡುಮರಿ ಒದರಿದಂಗ, ಅವನ ಹಾಡಿನ ಮುಂದ ಅದು ಯಾವ ಲೆಕ್ಕ? ಬಾಜುಕ ಹಾದು ಹೋಗೋಣಂದ್ರ ಅವ ಅದೇ ಕಡಿಗೆ ತಿರುವಿದ, ನಾನು ಗಾಡಿ ಸಮೇತ ತಗ್ಗಿಗೆ ಬಿದ್ದೆ. ಮೊಣಕಾಲಿನ ತೊಗಲು ಕಿತ್ತು ಬಂತು, ರೊಟ್ಟಿ ಎಲ್ಲಾ ಪುಡಿಪುಡಿ ಆದವು.

ನಮ್ಮತ್ತಿ ಪಾರಮ್ಮ ಮೊಣಕಾಲಿಗೆ ಔಷಧ ಹಚ್ಚಿ ಅಂಟೋ ಪ್ಲಾಸ್ಟರ್ ಪಟ್ಟಿ ಸುತ್ತಿದ್ಲು. ಸುತ್ತಿಕೋತನೇ ತೀರ್ಪೂ ಕೊಟ್ಲು. ಗಾಡಿ ಮಾರೋದು, ರೊಟ್ಟಿ ಊರಾಗೇ ಮಾರೋದು. ರೂಪನಗುಡಿಯಾಗ ಆಕಿ ತಮ್ಮನ ಮಗ ಯರ್ರಿಸ್ವಾಮಿ ಹಳೇ ಗಾಡಿ ಹುಡುಕಾಕ ಹತ್ತಿದ್ದ. ಅಮಾಸಿ ಕಳದ ಮರುದಿನ ಬಂದು ಒಯ್ಯಿ ಅಂತ ಅವಗ ಫೋನೂ ಮಾಡಿಬಿಟ್ಲು. ಗಂಡಗ ಹೇಳಿದ್ರ ಅವ್ವ ಹೇಳಿದಂಗ ಕೇಳು ಅಂದ, ಮಹಾರಾಯ.

ಮನಿಮನಿಯಾಗ ರೊಟ್ಟಿ ಬಡಿಯೋ ಊರಾಗ ನನ್ನ ರೊಟ್ಟಿ ಯಾರು ಕೊಳ್ತಾರ? ಗಾಡಿ ಹೋದ್ರ ಕೆಲಸ ಹೋದಂಗ. ಅಷ್ಟೇ ಅಲ್ಲ. ಬೆಳಿಗ್ಗೆ ಆ ರೋಡಿನಾಗ ತಣ್ಣನ ಗಾಳಿ ಮಾರಿಗೆ ಬಡಿಯೋ ಹೊತ್ತು ಐತಲ್ಲ, ಇಡೀ ದಿನದಾಗ ನಂದು ಅನ್ನೋದು ಅದೊಂದೇ.

ಸುಮ್ಮನ ಕುಂಡ್ರಾಕಿ ನಾನಲ್ಲ. ಟ್ರ್ಯಾಕ್ಟರಿನವಗೂ ಕೇಳೋ ಹಾರ್ನಿದ್ರ ನಮ್ಮತ್ತಿ ಮನಸು ತಿರುಗೀತು ಅಂದ್ಕೊಂಡೆ. ಬಳ್ಳಾರಿ ಗ್ಯಾರೇಜಿನ ಸಿದ್ದಲಿಂಗೇಶನ ಹತ್ರ ಹೋಗಿ ಕಾರಿಗೆ ಹಾಕೋ ಜೋಡಿ ಹಾರ್ನು ತಂದೆ. ಅವ ರಿಲೇ ಅಂತ ಒಂದು ಕರೀ ಡಬ್ಬಿನೂ ಕೊಟ್ಟ. ಅಷ್ಟು ಕರೆಂಟು ಹಳೇ ಬಟನ್ನಿನಾಗ ಹಾದ್ರ ಬಟನ್ ಸುಟ್ಟು ಹೋಗ್ತೈತಂತ. ಬಟನ್ನು ಬರೇ ಈ ಡಬ್ಬಿಗೆ ಹೇಳಬೇಕು, ಡಬ್ಬಿ ಬ್ಯಾಟರಿಯಿಂದ ಹಾರ್ನಿಗೆ ಕರೆಂಟು ಬಿಡ್ತೈತಿ, ನಡುವ ಫ್ಯೂಸ್ ಮರೀಬ್ಯಾಡ ಅಂದ. ತಾನೇ ಕೂಡಿಸಿ ಕೊಡ್ತೀನಂದ, ನಾನು ಒಪ್ಪಲಿಲ್ಲ. ಮನ್ಯಾಗ ಮಿಕ್ಸಿ, ಫ್ಯಾನು ಬಿಚ್ಚಿ ಕೂಡಿಸಾಕಿ ನಾನೇ, ಗಾಡಿಗೂ ನನ್ನ ಕೈನೇ ಆಗಬೇಕು.

ಅಮಾಸಿ ದಿನ ಅಂಗಳದಾಗ ಕುಂತು, ಹೆಡ್‌ಲೈಟಿನ ಕೆಳಗ ಎಲ್ಲಾ ಕೂಡಿಸಿದೆ. ಕಡೀಕ ಬಟನ್ನಿನ ವೈರಿನ ಜಾಯಿಂಟಿಗೆ ಬರೋದ್ರಾಗ ಟೇಪು ಮುಗೀತು. ಅಲ್ಲಿ ಯಾರು ಕೈ ಹಾಕ್ತಾರ ಅಂತ ಹಂಗೇ ಬಿಟ್ಟೆ. ಒತ್ತಿದ್ರ ಏನು ದನಿ ಅಂತೀರಿ, ಕಟ್ಟಿ ಮ್ಯಾಲೆ ಮಲಗಿದ್ದ ನಾಯಿ ಓಣಿ ದಾಟಿ ಓಡಿತು. ನಮ್ಮತ್ತಿ ಹೊರಗ ಬಂದು ನೋಡಿ ಒಳಗ ಹೋದ್ಲು. ಬೈದಿದ್ರ ಛಲೋ ಇತ್ತು.

ಮರುದಿನ ಹೊತ್ತು ಮೂಡೋದ್ರಾಗ ಯರ್ರಿಸ್ವಾಮಿ ಬಂದು ಕಟ್ಟಿ ಮ್ಯಾಲೆ ಚಾ ಕುಡೀತಿದ್ದ. ಇದೊಂದು ಸಲ ರೊಟ್ಟಿ ಹಾಕಿ ಬರ್ತೀನಿ, ಆಮ್ಯಾಲೆ ಒಯ್ಯಿ ಅಂತ ಅವಗ ಹೇಳಿ, ಹಿಂದ ಡಬ್ಬಿ ಕಟ್ಟಿ ಕೀಲಿ ತಿರುವಿದೆ. ಬಟನ್ ಮುಟ್ಟೇ ಇಲ್ಲ, ಹಾರ್ನು ಬಾಯಿ ತಗೀತು ನೋಡ್ರಿ. ಓಣಿಗೆ ಓಣಿನೇ ಹೊರಗ ಬಂತು. ಕೀಲಿ ಬಂದ್ ಮಾಡಿ, ಎಲ್ಲಾರ ಮುಂದ ನಮ್ಮತ್ತಿ ಮ್ಯಾಲೆ ಹರಿಹಾಯ್ದೆ. ಮಾರೋದು ಸಾಲದಂತ ವೈರೂ ಕಿತ್ತಿಟ್ಟೀಯೇನು ಅಂತ ಬಾಯಿಗೆ ಬಂದದ್ದು ಅಂದೆ. ಆಕಿ ಸೆರಗು ಸಿಗಿಸಿಕೊಂಡು ನಿಂತಿದ್ಲು.

ಬಗ್ಗಿ ನೋಡಿದೆ. ಹೆಡ್‌ಲೈಟಿನ ಕೆಳಗ ಒಂದು ನಿಂಬಿಕಾಯಿ, ಹಸಿಮೆಣಸಿನಕಾಯಿ, ಕಬ್ಬಿಣದ ತಂತಿಗೆ ಪೋಣಿಸಿ ಗಟ್ಟಿಯಾಗಿ ಬಿಗಿದಿತ್ತು. ಅಮಾಸಿಗೆ ಗಾಡಿಗೆ ದೃಷ್ಟಿ ತಗಿಯೋ ನಿಂಬಿಕಾಯಿ. ತಂತಿಯ ಒಂದು ತುದಿ ಗಾಡಿಯ ಕಬ್ಬಿಣಕ್ಕ, ಇನ್ನೊಂದು ನಾನು ಟೇಪು ಸುತ್ತದ ಬಿಟ್ಟ ಜಾಯಿಂಟಿಗೆ ಮುಟ್ಟಿ, ಬಟನ್ ಒತ್ತಿ ಹಿಡಿದಂಗೇ ಆಗಿತ್ತು.

"ದಾರದಾಗ ಕಟ್ಟಿದ್ರ ತಗ್ಗಿನಾಗ ಹರಕೊಂಡು ಬೀಳ್ತೈತಿ," ಅಂದ್ಲು ನಮ್ಮತ್ತಿ. "ಅದಕ್ಕ ತಂತಿ ಹಾಕೀನಿ."

ಯರ್ರಿಸ್ವಾಮಿ ನಕ್ಕೋತ, ನನ್ನ ಗಾಡಿಗೆ ಈಗಲೇ ಪೂಜಿ ಮಾಡೀಯಲ್ಲ ಅತ್ತಿ ಅಂದ.

"ಮಾರೋ ಗಾಡಿಗೆ ಯಾರರ ನಿಂಬಿಕಾಯಿ ಕಟ್ತಾರೇನಲೇ? ಚಾ ಕುಡ್ದು ಬಸ್ಸಿಗೆ ಹೋಗು."

ನನಗ ಕಣ್ಣು ತುಂಬಿ ಬಂತು. ಆಕಿ ಅದನ್ನ ನೋಡಿಯೂ ನೋಡದಂಗ ಒಳಗ ಹೋಗಿ, ನನ್ನ ಮೊಣಕಾಲಿಗೆ ಸುತ್ತಿ ಉಳಿದಿದ್ದ ಪ್ಲಾಸ್ಟರ್ ತಂದು ಕೈಗಿಟ್ಲು. ಅದನ್ನೇ ಜಾಯಿಂಟಿಗೆ ಸುತ್ತಿದೆ. ನಿಂಬಿಕಾಯಿ ಬಿಚ್ಚಿ, ವೈರಿಗೆ ದೂರ, ಆ ಕಡೆ ಬಾಜುಕ ಕಟ್ಟಿದೆ. ಈ ಸಲ ಕೀಲಿ ತಿರುವಿದ್ರ ಹಾರ್ನು ಸುಮ್ಮನಿತ್ತು.

ಹೊಂಟಾಗ ನಮ್ಮತ್ತಿ ಹ್ಯಾಂಡಲ್ ಹಿಡಿದು ನಿಲ್ಲಿಸಿದ್ಲು.

"ಬ್ರಿಜ್ಜು ದಾಟಿದ ಮ್ಯಾಲೆ ಒಮ್ಮಿ ಒತ್ತು. ಇಲ್ಲಿತನ ಕೇಳ್ತೈತಿ ಅದು. ನೀ ದಾಟೀದಿ ಅಂತ ನನಗ ತಿಳೀತೈತಿ."

ಆವತ್ತು ಬ್ರಿಜ್ಜಿನ ಮ್ಯಾಲೆ ಟ್ರ್ಯಾಕ್ಟರ್ ಇರಲಿಲ್ಲ, ಒಂದು ನರಪಿಳ್ಳಿನೂ ಇರಲಿಲ್ಲ. ದಾಟಿ ಗಾಡಿ ನಿಲ್ಲಿಸಿ, ಊರ ಕಡೆ ತಿರುಗಿ ಉದ್ದಕ ಒತ್ತಿದೆ.