ಸದ್ದು ಹೋಗದ ಊರು

ಗಂಡ ಕೋದಂಡಪ್ಪನ ಕಿವಿಗಿಟ್ಟಿದ್ದ ಹತ್ತಿ ಸಾಲದೆಂದು ಅಮ್ಮಾಜಮ್ಮ ಇನ್ನಷ್ಟು ಹತ್ತಿ ಉಂಡೆ ಮಾಡಿ ಕಿರುಬೆರಳಿನಿಂದ ಒಳಕ್ಕೆ ತುರುಕುತ್ತಿದ್ದಳು.

“ಸಾಕು ಬಿಡಮ್ಮ, ನೋಡ್ದೋರು ನಗ್ತಾರೆ,” ಎಂದ ಮಗ ರಾಜ್‌ಕುಮಾರ್.

“ತಮಟೆ ಬ್ಯಾಡ ಕಣ್ಲಾ. ಪಟಾಕಿನೂ ಬ್ಯಾಡ. ನಿಮ್ಮಪ್ಪ ನನ್ ಕೈಲಿ ಮಾತು ಈಸ್ಕೊಂಡವ್ರೆ.”

“ಬಂಗಾರಪೇಟೆಯಿಂದ ಎಂಟು ಜನ ತಮಟೆಯೋರು ಬಂದವ್ರೆ. ಸದ್ದಿಲ್ದೆ ಎತ್ಕೊಂಡೋದ್ರೆ ದಿಕ್ಕಿಲ್ದ ಎಣ ಅಂತಾರೆ. ಸತ್ತೋರ್ಗೆ ಏನ್ ಕೇಳ್ಸುತ್ತೆ?”

ಅಂಗಳದಲ್ಲಿ ತಮಟೆಯವರು ಹುಲ್ಲು ಉರಿಸಿ ಚರ್ಮ ಕಾಯಿಸುತ್ತಿದ್ದರು. ಅಮ್ಮಾಜಮ್ಮ ಜಗುಲಿಯ ಮೇಲಿದ್ದ ಮುನಿಸ್ವಾಮಪ್ಪನವರ ಕಡೆ ತಿರುಗಿದಳು. ಅವರು ನಿವೃತ್ತ ಕನ್ನಡ ಮೇಷ್ಟ್ರು, ಅವರ ಮಾತನ್ನು ಊರು ಮೀರುತ್ತಿರಲಿಲ್ಲ.

“ನೀವಾದ್ರೂ ಒಂದ್ ಮಾತು ಏಳಿ ಸಾ.”

*

ಮೂವತ್ತು ವರ್ಷದ ಹಿಂದೆ ಉರಿಗಾಂ ಚಿನ್ನದ ಗಣಿಯೊಳಗೆ ಬಂಡೆ ಸಿಡಿದಾಗ ಕೋದಂಡಪ್ಪನ ಜೊತೆಗಿದ್ದ ಮೂವರು ಹೋದರು. ಇವನು ಉಳಿದ, ಅಷ್ಟೇ. ಉರಿಗಾಂ ಬಿಟ್ಟು ಕ್ಯಾಸಂಬಳ್ಳಿ ಕಡೆಯ ಹುಟ್ಟೂರಿಗೆ ಬಂದು ಹಸು ಕಟ್ಟಿಕೊಂಡ. ಹಾಲಿನ ಕ್ಯಾನು ಉರುಳಿದರೂ ಸಾಕು, ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ಕುಕ್ಕರಿಸಿಬಿಡುತ್ತಿದ್ದ.

ದಿನವೂ ತನ್ನನ್ನು ಕಾಡುವುದರ ಹುಟ್ಟು ತಿಳಿಯಬೇಕೆನ್ನಿಸಿತೋ ಏನೋ, ಒಮ್ಮೆ ಟೀ ಅಂಗಡಿಯಲ್ಲಿ ಮೇಷ್ಟ್ರನ್ನು ಕೇಳಿದ. “ಈ ಸದ್ದು ಅನ್ನೋ ಮಾತು ಎಲ್ಲಿಂದ ಬಂತು ಸಾ?”

ಮೇಷ್ಟ್ರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. “ಸಂಸ್ಕೃತದಲ್ಲಿ ಶಬ್ದ. ಅದೇ ಪ್ರಾಕೃತದಲ್ಲಿ ಸದ್ದ ಆಯ್ತು, ನಮ್ಮಲ್ಲಿ ಸದ್ದು. ತೆಲುಗರಿಗೂ ಸದ್ದೇ, ತಮಿಳರಿಗೆ ಸತ್ತಂ. ನಾಡೆಲ್ಲ ಸುತ್ತಿದೆ ಕಣಯ್ಯ.”

ಕೋದಂಡಪ್ಪ ಟೀ ಲೋಟವನ್ನು ಸದ್ದಾಗದಂತೆ ಬೆಂಚಿನ ಮೇಲಿಟ್ಟ. “ಅಂಗಾದ್ರೆ ಅದು ಓಗ್ದೇ ಇರೋ ಊರೇ ಇಲ್ವಾ ಸಾ?”

ಮೇಷ್ಟ್ರು ನಕ್ಕುಬಿಟ್ಟರು. “ಬನ್ನಿ ಸದ್ದಪ್ಪನವರೇ, ಹುಡುಕೋಣ!”

ಅಂಗಡಿಗೆ ಅಂಗಡಿಯೇ ನಕ್ಕಿತು. ಅಂದಿನಿಂದ ಅವನು ಸದ್ದಪ್ಪ. ಅವನ ಬೆನ್ನ ಹಿಂದೆ ತಟ್ಟೆ ಬೀಳಿಸುವುದು, ಪಟಾಕಿ ಹಚ್ಚುವುದು ಊರಿಗೆ ಮೋಜಾಯಿತು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಮಗನೂ ಒಂದೆರಡು ಸಲ ಹಚ್ಚಿದ್ದ.

*

ಮೇಷ್ಟ್ರು ಕೋಲೂರಿ ಎದ್ದರು. “ರಾಜ್‌ಕುಮಾರ, ಅವನ ಕೊನೇ ಆಸೆ ಕಣಪ್ಪ. ತಮಟೆ ಬೇಡ.”

“ಸುಮ್ಕಿರಿ ಮೇಷ್ಟ್ರೇ. ನಮ್ಮಪ್ಪಂಗೆ ಅಡ್ಡೆಸ್ರು ಇಟ್ಟೋರು ಯಾರು? ಕ್ಲಾಸಲ್ಲಿ ನನ್ನೂ ಸದ್ದಪ್ಪನ ಮಗ ಅಂತ್ಲೇ ಕೂಗ್ತಿದ್ರಿ. ಇವತ್ತು ಊರಿಗೆಲ್ಲ ಕೇಳ್ಲಿ ಬಿಡಿ.”

ಮೇಷ್ಟ್ರು ಕೂತರು.

ಚಟ್ಟ ಎತ್ತಿದರು. ತಮಟೆ ಶುರುವಾಯಿತು. ಅಮ್ಮಾಜಮ್ಮ ಓಡಿಬಂದು ಚಟ್ಟದ ಬಿದಿರು ಹಿಡಿದಳು. ಇಬ್ಬರು ಹೆಂಗಸರು ರಟ್ಟೆ ಹಿಡಿದು ಅವಳನ್ನು ಹೊಸಿಲಿಗೆ ಎಳೆದುಕೊಂಡು ಹೋದರು.

“ಭಾಷೆ ಕೊಟ್ಟಿವ್ನಿ ಕಣ್ರೇ, ಬಿಡ್ರೇ!” ಎಂದು ಅವಳು ಅರಚಿದ್ದು ತಮಟೆಯಲ್ಲಿ ಯಾರಿಗೂ ಕೇಳಲಿಲ್ಲ.

ಮುಂದೆ ಹೋಗುತ್ತಿದ್ದವರು ಸರಪಟಾಕಿಗೆ ಬೆಂಕಿ ಇಟ್ಟರು. ಬೀದಿಯುದ್ದಕ್ಕೂ ಸಿಡಿಯಿತು. ಜನ ಗೋಡೆಗೆ ಒತ್ತಿಕೊಂಡು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡರು. ಮೇಷ್ಟ್ರೂ ಮುಚ್ಚಿಕೊಂಡರು. ಬೆಂಕಿ ಮಡಕೆ ಹಿಡಿದಿದ್ದ ರಾಜ್‌ಕುಮಾರ್ ಇನ್ನೊಂದು ಕೈಯಿಂದ ಒಂದು ಕಿವಿ ಮುಚ್ಚಿಕೊಂಡ.

ಚಟ್ಟದ ಕುಲುಕಾಟಕ್ಕೆ ಕೋದಂಡಪ್ಪನ ಕಿವಿಯ ಹತ್ತಿ ಜಾರಿ ಹೂವಿನ ಮೇಲೆ ಬಿದ್ದಿತ್ತು. ಅವನ ಎರಡು ಕೈಯ ಹೆಬ್ಬೆರಳನ್ನೂ ಶಾಸ್ತ್ರದಂತೆ ಎದೆಯ ಮೇಲೆ ಜೋಡಿಸಿ, ಬಿಳಿ ಬಟ್ಟೆಯ ಚೂರಿನಿಂದ ಬಿಗಿಯಾಗಿ ಕಟ್ಟಿದ್ದರು.